ಅಲೋಶಿಯಸ್ ವಿವಿ ಆಯಿತು, ಗುಡ್ಡದ ಮೇಲಿನ ಚಾಪೆಲ್ ಈಗ ಯಾರದ್ದು?

2024ರ ಜನವರಿಯಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಕೇಂದ್ರ ಸರ್ಕಾರ ಡೀಮ್ಡ್ ವಿಶ್ವವಿದ್ಯಾನಿಲಯದ ಮಾನ್ಯತೆ ಕೊಟ್ಟಿತು. ಸುದ್ದಿ ಒಂದೇ ಸಾಲಿನದ್ದು. ಆದರೆ ಅದರಿಂದ ಹುಟ್ಟಿದ ಗೊಂದಲ ಇನ್ನೂ ಪೂರ್ತಿ ಬಗೆಹರಿದಿಲ್ಲ. ಗೋಡೆ ತುಂಬ, ಮುಚ್ಚಿಗೆ ತುಂಬ ಚಿತ್ರಗಳಿರುವ ಕಾಲೇಜಿನ ಆ ಹಳೇ ಚಾಪೆಲ್ (ಪ್ರಾರ್ಥನಾ ಮಂದಿರ) ಈಗ ವಿವಿಯ ಆಸ್ತಿಯಾ? ವಿವಿ ಅಂದ ಮೇಲೆ ಸರ್ಕಾರದ್ದೇ ಅಲ್ವಾ? ಪುರಾತತ್ವ ಇಲಾಖೆಯವರು ಅದನ್ನು ಯಾವತ್ತೋ ತಮ್ಮ ಕೈಗೆ ತಗೊಂಡಿಲ್ವಾ? ಹಾಗಾದರೆ ಊರ ನಡುವಿನ ಹಂಪನಕಟ್ಟೆಯಲ್ಲಿರುವ ‘ಯುನಿವರ್ಸಿಟಿ ಕಾಲೇಜು’ ಯಾವ ಯುನಿವರ್ಸಿಟಿಯದ್ದು?

ಗೊಂದಲ ಆಗೋದು ಸಹಜ. ಒಂದು ಕಾಲದಲ್ಲಿ ಈ ಊರಲ್ಲಿ ಯುನಿವರ್ಸಿಟಿ ಅಂದರೆ ಮಂಗಳೂರು ವಿವಿ ಇರುವ ಕೊಣಾಜೆ ಮಾತ್ರ. ಈಗ ಹಾಗೆ ಹೇಳಿ ರಿಕ್ಷಾ ಹತ್ತಿದರೆ, ಯಾವುದು ಎಂದು ಚಾಲಕರು ತಿರುಗಿ ಕೇಳುವಷ್ಟು ವಿವಿಗಳಿವೆ. ಬೋರ್ಡು ಬದಲಾದಾಗ ಕಟ್ಟಡದ ಮಾಲೀಕತ್ವ, ರಿಪೇರಿಯ ಹೊಣೆ, ಕಾನೂನಿನ ರಕ್ಷಣೆ ಮೂರೂ ಒಟ್ಟಿಗೆ ಬದಲಾಗುತ್ತವೆ ಎಂದು ನಾವು ಅಂದುಕೊಂಡುಬಿಡುತ್ತೇವೆ. ನಿಜವಾಗಿ ಮೂರೂ ಬೇರೆ ಬೇರೆ ದಾರಿ. ಅವನ್ನು ಬಿಡಿಸಿ ನೋಡಿದರೆ ಗೊತ್ತಾಗುವುದು ಇಷ್ಟು: ಅಲೋಶಿಯಸ್ ಡೀಮ್ಡ್ ವಿವಿ ಆದದ್ದರ ಬಿಸಿ ಚಾಪೆಲ್‌ಗಿಂತ ಜಾಸ್ತಿ ತಟ್ಟಬಹುದಾದದ್ದು ಈಗ ಯುನಿವರ್ಸಿಟಿ ಕಾಲೇಜಾಗಿರುವ ಹಂಪನಕಟ್ಟೆಯ ಹಳೇ ಸರ್ಕಾರಿ ಕಾಲೇಜಿನ ಕಟ್ಟಡಕ್ಕೆ.

ಡೀಮ್ಡ್ ಅಂದರೆ ಪದವಿಯ ವಿಷಯ

ಮೊದಲು ಸುಲಭದ ಪ್ರಶ್ನೆ ಮುಗಿಸಿಬಿಡೋಣ. ಡೀಮ್ಡ್ ಮಾನ್ಯತೆ ಸಿಗುವುದು 1956ರ ಯುಜಿಸಿ ಕಾಯ್ದೆಯ 3ನೇ ಕಲಂ ಪ್ರಕಾರ. ಅದು ಕೊಡುವುದು ಮುಖ್ಯವಾಗಿ ಪದವಿಯ ಅಧಿಕಾರ. ಪಠ್ಯ ಏನು, ಪರೀಕ್ಷೆ ಹೇಗೆ, ಸರ್ಟಿಫಿಕೇಟಿನ ಮೇಲೆ ಯಾರ ಹೆಸರು ಎಂಬುದನ್ನು ಸಂಸ್ಥೆಯೇ ತೀರ್ಮಾನಿಸಬಹುದು. ಗೋಡೆ, ಮಾಡು (ಛಾವಣಿ), ಜಾಗ ಸರ್ಕಾರಕ್ಕೆ ಹೋಗುವುದಿಲ್ಲ. ಜೆಸ್ವಿಟ್ ಎಂಬ ಕೆಥೋಲಿಕ್ ಸಭೆಯ ಪಾದ್ರಿಗಳು ನಡೆಸುತ್ತಿದ್ದ ಕ್ಯಾಂಪಸ್ಸನ್ನು ಇವತ್ತಿಗೂ ಅವರೇ ನಡೆಸುತ್ತಿದ್ದಾರೆ. ಚಾಪೆಲ್‌ನಲ್ಲಿ ಪ್ರಾರ್ಥನೆಯೂ ನಡೆಯುತ್ತದೆ, ನೋಡಲು ಬರುವವರೂ ಬರುತ್ತಾರೆ.

ಪದವಿ ಕೊಡುವ ವಿವಿ ಬದಲಾಗುವುದು ಅಲೋಶಿಯಸ್‌ಗೆ ಹೊಸತೇನಲ್ಲ. 1880ರಲ್ಲಿ ಶುರುವಾದಾಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪದವಿ ಮದ್ರಾಸ್ ವಿವಿಯದ್ದು. 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮದ್ರಾಸಿನ ನಂಟು ಕಳಚಿ, ಮುಂದೆ ಮೈಸೂರು ವಿವಿ ಬಂತು. 1980ರಿಂದ ಮಂಗಳೂರು ವಿವಿ. 2007ರಲ್ಲಿ ಸ್ವಾಯತ್ತೆ ಸಿಕ್ಕಿತು. ಈಗ ಡೀಮ್ಡ್. ಇಷ್ಟು ಸಲ ವಿಳಾಸ ಬದಲಾದರೂ ಚಾಪೆಲ್‌ನ ಒಂದು ಕಲ್ಲೂ ಕದಲಲಿಲ್ಲ.

ಗುಡ್ಡದ ಮೇಲೆ ಏನು ಎದ್ದಿತು

ಇಟಲಿಯ ಜೆಸ್ವಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ ಕೊನೆಯ ದಿನ. ಒಂದೇ ವರ್ಷದ ಮೇಲೆ, 1880ರ ಜನವರಿಯಲ್ಲಿ ಕಾಲೇಜು ಶುರು. ಗುಡ್ಡದ ಮೇಲೆ ಕಟ್ಟಡ ಏಳುವ ಮೊದಲೇ ತರಗತಿಗಳು ನಡೆಯುತ್ತಿದ್ದವು. ಗುಡ್ಡದ ಜಾಗ ಕೊಟ್ಟವರು ಊರಿನವರೇ ಆದ ಲಾರೆನ್ಸ್ ಲೋಬೊ ಪ್ರಭು. ಚಾಪೆಲ್ 1884ರಲ್ಲಿ, ಮುಖ್ಯ ಕಟ್ಟಡ 1885ರಲ್ಲಿ ಮುಗಿಯಿತು.

ಆ ಕಾಲಕ್ಕೆ ಮಂಗಳೂರಿಗೆ ರೈಲೂ ಇರಲಿಲ್ಲ, ಅದು ಬಂದದ್ದು 1907ರಲ್ಲಿ. ಹಾಗಾಗಿ ಇಂಥ ಕಟ್ಟಡಗಳಿಗೆ ಬೇಕಾದ ಸಾಮಾನು ಬಹುಪಾಲು ಈ ನೆಲದ್ದೇ. ಇಲ್ಲೇ ಕಡಿದ ಮುರಕಲ್ಲು (ಲ್ಯಾಟರೈಟ್), ಸುಣ್ಣದ ಗಾರೆ, ಮಾಡು ಹೊರುವ ಮರದ ಪಕ್ಕಾಸು, ಅದರ ಮೇಲೆ ಅಡ್ಡ ಹೊಡೆಯುವ ರೀಪು, ಮೇಲೆ ಹಂಚು. ಹಂಚಿನ ಉದ್ಯಮ ಆಗಷ್ಟೇ ಬೆಳೆಯುತ್ತಿತ್ತು. ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ತನ್ನ ಮೊದಲ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಜೆಸ್ವಿಟರು ಕೆಥೋಲಿಕರು, ಬಾಸೆಲ್‌ನವರು ಪ್ರೊಟೆಸ್ಟಂಟರು. ಯುರೋಪಿನಲ್ಲಿ ಮುಖ ನೋಡದ ಈ ಎರಡು ಪಂಗಡ ಇಲ್ಲಿ ಒಂದೇ ಪೇಟೆಯಲ್ಲಿ ವ್ಯವಹಾರ ಮಾಡಿಕೊಂಡಿದ್ದವು. ಜೆಸ್ವಿಟ್ ಪಾದ್ರಿ ಮಫೇಯಿ ಬರೆದ ಕೊಂಕಣಿ ವ್ಯಾಕರಣ 1882ರಲ್ಲಿ ಅಚ್ಚಾದದ್ದು ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ.

ಚಾಪೆಲ್ ಕಟ್ಟಿದಾಗ ಅದು ಸಾದಾ ಪ್ರಾರ್ಥನಾ ಮಂದಿರ. ಅದಕ್ಕೆ ಇವತ್ತಿನ ಹೆಸರು ತಂದುಕೊಟ್ಟವರು ಆಂಟೋನಿಯೊ ಮೊಸ್ಕೇನಿ. ಬೆರ್ಗಮೊ ಹತ್ತಿರದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತು, ಹೆಸರು ಮಾಡಿ, ಆಮೇಲೆ ಜೆಸ್ವಿಟ್ ಸಭೆ ಸೇರಿದರು. ಪಾದ್ರಿಯಾಗಲಿಲ್ಲ, ಬ್ರದರ್ ಆಗಿಯೇ ಉಳಿದರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿಗೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಸಾರ ಕಟ್ಟಿಸಿಕೊಂಡು ಕೆಲಸ ಮಾಡಿದರು. ಮುಚ್ಚಿಗೆಯಲ್ಲಿ ಅಲೋಶಿಯಸ್ ಗೊನ್ಜಾಗನ ಜೀವನ ಇದೆ: ಅರಸೊತ್ತಿಗೆ ಬಿಟ್ಟು ಸಭೆ ಸೇರಿದ, ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತ 1591ರಲ್ಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡ ಹುಡುಗ. ಗೋಡೆಗಳಲ್ಲಿ ಸಂತರು, ಯೇಸುವಿನ ಬದುಕಿನ ಪ್ರಸಂಗಗಳು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದರು.

ಮಳೆ ಗೋಡೆಗೆ ಏನು ಮಾಡುತ್ತದೆ

ಕಟ್ಟಡದ ಚರ್ಚೆಗಳಲ್ಲಿ ಸಾಮಾನ್ಯವಾಗಿ ಹಾರಿಸಿಬಿಡುವ ಭಾಗ ಇದು. ಆದರೆ ಇದು ಅರ್ಥವಾಗದೆ ಮುಂದಿನ ದುಡ್ಡಿನ ಲೆಕ್ಕವೂ ಅರ್ಥವಾಗುವುದಿಲ್ಲ.

ಚಾಪೆಲ್‌ನಲ್ಲಿ ಎರಡು ಬಗೆಯ ಕೆಲಸ ಇದೆ. ಗೋಡೆಯದ್ದು ಫ್ರೆಸ್ಕೊ. ಅಂದರೆ ಸುಣ್ಣದ ಗಾರೆ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚುವುದು. ಗಾರೆ ಒಣಗುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣ ಅದರೊಳಗೇ ಬಂದಿಯಾಗುತ್ತದೆ. ಗಾರೆ ಒಣಗಿದರೆ ಕೆಲಸ ಕೆಟ್ಟಂತೆ, ಹಾಗಾಗಿ ಆ ದಿನ ಎಷ್ಟು ಬಿಡಿಸಲು ಸಾಧ್ಯವೋ ಅಷ್ಟಕ್ಕೇ ಗಾರೆ ಮೆತ್ತಿಕೊಳ್ಳಬೇಕು. ಮುಚ್ಚಿಗೆಯದ್ದು ಬೇರೆ: ಕ್ಯಾನ್ವಾಸ್ ಬಟ್ಟೆಯ ಮೇಲೆ ಎಣ್ಣೆ ಬಣ್ಣ. ಒಂದಕ್ಕೆ ಶತ್ರು ಉಪ್ಪು, ಇನ್ನೊಂದಕ್ಕೆ ಬೂಷ್ಟು.

ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಚೀಚೆ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲು ತೂತುತೂತಿನ ಕಲ್ಲು, ನೀರು ಕುಡಿಯುತ್ತದೆ. ನೆಲದಿಂದಲೂ ನೀರು ಮೇಲೇರುತ್ತದೆ, ಸೋರುವ ಮಾಡಿನಿಂದಲೂ ಇಳಿಯುತ್ತದೆ. ಗೋಡೆಯಲ್ಲಿರುವ ಉಪ್ಪು ಆ ನೀರಲ್ಲಿ ಕರಗುತ್ತದೆ. ಮಳೆ ಬಿಟ್ಟು ಬಿಸಿಲು ಬಂದಾಗ ನೀರು ಗೋಡೆಯ ಮೈಯಿಂದ ಆವಿಯಾಗುತ್ತದೆ. ಉಪ್ಪು ಮಾತ್ರ ಅಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆಯುತ್ತ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಬರೀ ಸುಣ್ಣ ಹೊಡೆದ ಗೋಡೆಯಾದರೆ ಪುಡಿ ಉದುರುತ್ತದೆ, ಗುಡಿಸಿ ಮತ್ತೆ ಸುಣ್ಣ ಹೊಡೆದರಾಯಿತು. ಫ್ರೆಸ್ಕೊ ಗೋಡೆಯಲ್ಲಿ ಉದುರುವ ಆ ಪುಡಿಯೇ ಚಿತ್ರ.

ಇನ್ನೊಂದು ತೊಂದರೆ ನಾವೇ ತಂದುಕೊಳ್ಳುವುದು. ಹಳೇ ಗೋಡೆ ಹಸಿಯಾದರೆ ಮೇಸ್ತ್ರಿ ಹೇಳುವ ಮೊದಲ ಮದ್ದು ಸಿಮೆಂಟ್ ಪ್ಲಾಸ್ಟರ್. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೊರಗಿನ ಮೈ ಒಣಗಿದಂತೆ ಕಾಣುತ್ತದೆ, ನೀರು ಒಳಗೇ ಸಿಕ್ಕಿಬಿದ್ದು ಇನ್ನೊಂದು ಬದಿಗೆ ದಾರಿ ಹುಡುಕುತ್ತದೆ. ಇನ್ನೊಂದು ಬದಿ ಅಂದರೆ ಒಳಗೋಡೆ. ಹೊರಗೆ ಚಂದ ಕಂಡ ರಿಪೇರಿ ಒಳಗೆ ಹಾಳು ಮಾಡುವುದು ಹೀಗೆ.

ಮಾಡಿನದ್ದು ಇನ್ನೂ ಸರಳ. ತೆಂಗಿನ ಗರಿ ಬಿದ್ದೋ ಮಂಗ ಹಾರಿಯೋ ಒಂದು ಹಂಚು ಜಾರುತ್ತದೆ. ಆ ಸಂದಿಯಿಂದ ನೀರು ರೀಪಿನ ಮೇಲೆ, ಅಲ್ಲಿಂದ ಪಕ್ಕಾಸಿನ ಮೇಲೆ. ಒದ್ದೆ ಮರಕ್ಕೆ ಗೆದ್ದಲು. ಪಕ್ಕಾಸು ಬಾಗಿದರೆ ಇನ್ನೂ ನಾಲ್ಕು ಹಂಚು ಜಾರುತ್ತವೆ. ಮಳೆಗಾಲಕ್ಕೆ ಮೊದಲು ಒಬ್ಬ ಆಳು ಮೇಲೆ ಹತ್ತಿ ಅರ್ಧ ದಿನ ಕೆಲಸ ಮಾಡಿದ್ದರೆ ಮುಗಿಯುತ್ತಿದ್ದ ಖರ್ಚು ಕೆಲವು ವರ್ಷಗಳಲ್ಲಿ ಇಡೀ ಮಾಡನ್ನೇ ಬದಲಿಸುವ ಅಂದಾಜುಪಟ್ಟಿಯಾಗುತ್ತದೆ. ಹಳೇ ಕಟ್ಟಡಕ್ಕೆ ಬೇಕಾದದ್ದು ಹತ್ತು ವರ್ಷಕ್ಕೊಮ್ಮೆ ದೊಡ್ಡ ಮೊತ್ತವಲ್ಲ, ಪ್ರತಿ ಮೇ ತಿಂಗಳು ತಪ್ಪದೆ ಸಣ್ಣ ಮೊತ್ತ. ಸಂಸ್ಥೆಗಳ ಬಜೆಟ್ ನಡೆಯುವುದು ಬಹುಪಾಲು ಇದಕ್ಕೆ ಉಲ್ಟಾ. ಸಣ್ಣ ರಿಪೇರಿಗೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ನೋಡಿ.

ಅಲೋಶಿಯಸ್ ಚಾಪೆಲ್‌ನ ಚಿತ್ರಗಳಿಗೂ ಈ ಹವೆ ಪೆಟ್ಟು ಕೊಟ್ಟಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಬಂದು ಅವನ್ನು ಸರಿಪಡಿಸಿದರು. ಆ ಕೆಲಸ ಯಾವ ಕಾನೂನಿನ ಒತ್ತಾಯದಿಂದಲೂ ನಡೆದದ್ದಲ್ಲ. ಕಟ್ಟಡದ ಯಜಮಾನರಿಗೆ ಅದು ಬೇಕಿತ್ತು, ತಜ್ಞರನ್ನು ಕರೆಸುವ ಶಕ್ತಿಯೂ ಇತ್ತು.

ಹಂಪನಕಟ್ಟೆಯ ಲೆಕ್ಕ

ಗುಡ್ಡ ಇಳಿದು ಹಂಪನಕಟ್ಟೆಗೆ ಬಂದರೆ ಇನ್ನೊಂದು ಕಥೆ. ಸರ್ಕಾರಿ ಕಾಲೇಜಿನ ಬೇರು 1868ರದ್ದು, ಅಂದರೆ ಅಲೋಶಿಯಸ್‌ಗಿಂತ ಹನ್ನೆರಡು ವರ್ಷ ಹಳೆಯದು. ಪಂಜೆ ಮಂಗೇಶರಾಯರು ಇಲ್ಲಿ ಕನ್ನಡ ಕಲಿಸಿದರು. ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಕೇಳಿ ಓದು ಬಿಟ್ಟು ಹೊರನಡೆದದ್ದು ಇಲ್ಲಿಂದ. ಟಾಗೋರರ ಹೆಸರು ಹೊತ್ತ ರವೀಂದ್ರ ಕಲಾ ಭವನ ಇರುವುದೂ ಇದೇ ಆವರಣದಲ್ಲಿ.

1993ರಲ್ಲಿ ಸರ್ಕಾರ ಈ ಕಾಲೇಜನ್ನು ಮಂಗಳೂರು ವಿವಿಗೆ ವಹಿಸಿಕೊಟ್ಟಿತು. ಅದು ವಿವಿಯೇ ನಡೆಸುವ ಘಟಕ ಕಾಲೇಜಾಯಿತು, ಹೆಸರು ವಿಶ್ವವಿದ್ಯಾನಿಲಯ ಕಾಲೇಜು ಎಂದಾಯಿತು. 1980ರಲ್ಲಿ ಹುಟ್ಟಿದ ವಿವಿಗೆ ತನಗಿಂತ 112 ವರ್ಷ ಹಿರಿಯ ಕಾಲೇಜು ಮಗುವಾಗಿ ಸಿಕ್ಕಿತು! ಆಗ ಅದು ಗೌರವದ ವಿಷಯವೇ ಆಗಿತ್ತು. ಆದರೆ ಸರ್ಕಾರಿ ಕಟ್ಟಡಗಳ ರಿಪೇರಿ ಸಾಮಾನ್ಯವಾಗಿ ಲೋಕೋಪಯೋಗಿ ಇಲಾಖೆಯ ತಲೆಬಿಸಿ. ವಿವಿಯ ಕಟ್ಟಡವಾದರೆ ಅದು ವಿವಿಯ ತಲೆಬಿಸಿ. ಹಾಗಾದರೆ ವಿವಿಯ ಕೈಯಲ್ಲಿ ದುಡ್ಡೆಷ್ಟಿದೆ ಎಂಬ ಪ್ರಶ್ನೆ ಏಳುತ್ತದೆ.

ನಮ್ಮ ರಾಜ್ಯದ ವಿವಿಗಳಿಗೆ ಸರ್ಕಾರದಿಂದ ಬರುವ ಅನುದಾನದ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಕಟ್ಟಡ, ರಿಪೇರಿ, ಅತಿಥಿ ಉಪನ್ಯಾಸಕರು, ಇಂಥದ್ದಕ್ಕೆಲ್ಲ ವಿವಿ ತನ್ನ ಸ್ವಂತ ಆದಾಯ ನೋಡಿಕೊಳ್ಳಬೇಕು. ಸ್ವಂತ ಆದಾಯ ಅಂದರೆ ಬಹುಪಾಲು ಸಂಯೋಜಿತ ಕಾಲೇಜುಗಳು ಕಟ್ಟುವ ಶುಲ್ಕ, ಪರೀಕ್ಷಾ ಶುಲ್ಕ. ಕಾಲೇಜು, ಮಕ್ಕಳು ಜಾಸ್ತಿ ಇದ್ದರೆ ಆದಾಯ ಜಾಸ್ತಿ.

1980ರಲ್ಲಿ ಮಂಗಳೂರು ವಿವಿ ಹುಟ್ಟಿದಾಗ ಈ ಕರಾವಳಿಯ ಕಲೆ, ವಿಜ್ಞಾನ, ಮೆಡಿಕಲ್, ಎಂಜಿನಿಯರಿಂಗ್ ಎಲ್ಲವೂ ಅದರ ಕೆಳಗಿದ್ದವು. ಆಮೇಲೆ ಒಂದೊಂದೇ ಹೊರಬಿದ್ದವು. 1993ರಲ್ಲಿ ಮಣಿಪಾಲ ಡೀಮ್ಡ್ ಆಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ ಹುಟ್ಟಿ ಮೆಡಿಕಲ್ ಕಾಲೇಜುಗಳು ಅತ್ತ ಹೋದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿವಿ (ವಿಟಿಯು) ಬಂದು ಎಂಜಿನಿಯರಿಂಗ್ ಹೋಯಿತು. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಕೆಆರ್‌ಇಸಿ 2002ರಲ್ಲಿ ಎನ್‌ಐಟಿ (ರಾಷ್ಟ್ರೀಯ ತಾಂತ್ರಿಕ ಸಂಸ್ಥೆ) ಆಯಿತು. 2008ರಲ್ಲಿ ನಿಟ್ಟೆ, ಯೇನೆಪೊಯ ಡೀಮ್ಡ್ ವಿವಿಗಳಾದವು. 2023ರಲ್ಲಿ ಕೊಡಗಿಗೆ ಪ್ರತ್ಯೇಕ ವಿವಿ. 2024ರಲ್ಲಿ ಅಲೋಶಿಯಸ್.

ಇದರಲ್ಲಿ ಯಾವುದನ್ನೂ ತಪ್ಪು ಅನ್ನಲಾಗದು. ಒಂದೊಂದಕ್ಕೂ ಅದರದೇ ಕಾರಣ ಇತ್ತು. ಆದರೆ ಒಟ್ಟು ಪರಿಣಾಮ ಒಂದೇ ದಿಕ್ಕಿನದ್ದು: ಶುಲ್ಕ ತರುವ ಕಾಲೇಜುಗಳು ಹೋದವು, ಪಿಂಚಣಿ, ಸಂಬಳ, ಹಳೇ ಕಟ್ಟಡಗಳು ಉಳಿದವು. ಮಂಗಳೂರು ವಿವಿಯ ಹಣದ ಮುಗ್ಗಟ್ಟಿನ ಸುದ್ದಿ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಬರುತ್ತಿರುವುದಕ್ಕೆ ಇದೊಂದು ದೊಡ್ಡ ಕಾರಣ. ಮುಗ್ಗಟ್ಟು ಬಂದಾಗ ಸಂಬಳ ನಿಲ್ಲಿಸಲಾಗುವುದಿಲ್ಲ, ಪರೀಕ್ಷೆ ನಿಲ್ಲಿಸಲಾಗುವುದಿಲ್ಲ. ಸದ್ದಿಲ್ಲದೆ ಮುಂದಕ್ಕೆ ಹಾಕಬಹುದಾದದ್ದು ಹಂಚು, ಪಕ್ಕಾಸು, ಗಾರೆ.

‘ಸಂರಕ್ಷಿತ’ ಎಂಬ ಹಣೆಪಟ್ಟಿ

ಹಾಗಾದರೆ ಇವನ್ನೆಲ್ಲ ಸಂರಕ್ಷಿತ ಸ್ಮಾರಕ ಎಂದು ಘೋಷಿಸಿಬಿಡಬಾರದಾ? ಈ ಮಾತು ಪ್ರತಿ ಸಲ ಕೇಳಿಬರುತ್ತದೆ. ಅಲೋಶಿಯಸ್ ಚಾಪೆಲ್ ಈಗಾಗಲೇ ಹಾಗೆ ಘೋಷಣೆಯಾಗಿದೆ ಎಂದು ನಂಬಿದವರೂ ಬಹಳ ಮಂದಿ. ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಅದು ಇಲ್ಲ. ಹೆಸರುವಾಸಿಯಾಗುವುದು ಬೇರೆ, ಗೆಜೆಟ್‌ನಲ್ಲಿ ಬರುವುದು ಬೇರೆ.

ಕಾನೂನಿನಲ್ಲಿ ಮೂರು ಹಂತ ಇದೆ. ಮೇಲಿನದ್ದು ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ನೂರು ವರ್ಷ ದಾಟಿದ, ರಾಷ್ಟ್ರೀಯ ಮಹತ್ವದ ಕಟ್ಟಡಗಳಿಗೆ ಇದು ಅನ್ವಯ. ಅದರ ಕೆಳಗೆ ರಾಜ್ಯದ 1961ರ ಕಾಯ್ದೆ, ನೋಡಿಕೊಳ್ಳುವುದು ರಾಜ್ಯ ಪುರಾತತ್ವ ಇಲಾಖೆ. ಎಲ್ಲಕ್ಕಿಂತ ಕೆಳಗೆ, ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು, ನಗರ ಯೋಜನೆಯ ಕಾನೂನು. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡಕ್ಕೆ ಜಾಗ ಇದೆ. ಇದರ ಕೆಳಗೆ ಊರು ತನ್ನದೇ ಪಟ್ಟಿ ಮಾಡಿಕೊಂಡು, ಈ ಕಟ್ಟಡ ಕೆಡವಬೇಕಾದರೆ, ಮುಖ ಬದಲಿಸಬೇಕಾದರೆ ಮೊದಲು ತಜ್ಞರ ಸಮಿತಿಯನ್ನು ಕೇಳಿ ಎಂದು ಹೇಳಬಹುದು. ಮೈಸೂರಿನಲ್ಲಿ ಇಂಥ ಪಟ್ಟಿ, ಸಮಿತಿ ಎರಡೂ ಇವೆ. ಇನ್‌ಟ್ಯಾಕ್ ಮಾಡುವ ಪಟ್ಟಿ ಇದಲ್ಲ. ಇನ್‌ಟ್ಯಾಕ್ 1984ರಲ್ಲಿ ಶುರುವಾದ ಸ್ವಯಂಸೇವಾ ಸಂಸ್ಥೆ, ಅದರ ಪಟ್ಟಿಗೆ ಗೌರವ ಇದೆ, ಕಾನೂನಿನ ಬಲ ಇಲ್ಲ.

ಒಂದು ಭಯವನ್ನು ಇಲ್ಲೇ ಬಿಡಿಸಬೇಕು. ಸಂರಕ್ಷಿತ ಎಂದರೆ ಸರ್ಕಾರ ಕಟ್ಟಡ ಕಿತ್ತುಕೊಂಡಿತು ಅಂತಲ್ಲ. ಮಾಲೀಕರ ಕೈಯಲ್ಲೇ ಇಟ್ಟು ಒಪ್ಪಂದದ ಮೇಲೆ ರಕ್ಷಿಸಲು ಕೇಂದ್ರದ ಕಾಯ್ದೆಯಲ್ಲೇ ದಾರಿ ಇದೆ. ಪೂಜೆ, ಪ್ರಾರ್ಥನೆ ನಡೆಯುವ ಜಾಗವನ್ನು ಅದಕ್ಕೆ ಒಪ್ಪದ ಬಳಕೆಗೆ ತಿರುಗಿಸಬಾರದು ಎಂದೂ ಇದೆ. ಮಾಲೀಕರು ಹಿಂಜರಿಯಲು ನಿಜವಾದ ಕಾರಣ ಬೇರೆಯೇ.

ನೂರು ಮೀಟರಿನ ಲೆಕ್ಕ

2010ರ ತಿದ್ದುಪಡಿಯ ನಂತರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಹೊಸ ಕಟ್ಟಡ ಕಟ್ಟುವಂತಿಲ್ಲ. ಇದ್ದದ್ದನ್ನು ರಿಪೇರಿ ಮಾಡಲೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು.

ಹಂಪಿಯ ಬಯಲಿನಲ್ಲಿ ಇದಕ್ಕೊಂದು ಅರ್ಥ ಇದೆ. ಮಂಗಳೂರಿನ ನಡುಮಧ್ಯದಲ್ಲಿ ಲೆಕ್ಕ ಹಾಕಿ ನೋಡಿ. ಒಂದು ಬಿಂದುವಿನ ಸುತ್ತ 100 ಮೀಟರ್ ಅಂದರೆ ಸುಮಾರು 7.75 ಎಕರೆ. 300 ಮೀಟರ್ ಅಂದರೆ ಸುಮಾರು 70 ಎಕರೆ. ಚಾಪೆಲ್ ಸುತ್ತ ಈ ಗೆರೆ ಎಳೆದರೆ ಮೊದಲು ಸಿಕ್ಕಿಬೀಳುವುದು ಅಲೋಶಿಯಸ್‌ನ ಸ್ವಂತ ತರಗತಿಗಳು, ಲ್ಯಾಬುಗಳು. ಆಮೇಲೆ ಲೈಟ್‌ಹೌಸ್ ಹಿಲ್ ರಸ್ತೆ, ಆಚೀಚೆಯ ಫ್ಲಾಟುಗಳು, ಅಂಗಡಿಗಳು. ಈಗಷ್ಟೇ ವಿವಿಯಾಗಿ ಹೊಸ ವಿಭಾಗ, ಹೊಸ ಕಟ್ಟಡದ ಬಗ್ಗೆ ಯೋಚಿಸಬೇಕಾದ ಸಂಸ್ಥೆ ತಾನಾಗಿಯೇ ಈ ಬೇಲಿ ಕೇಳಿಕೊಂಡು ಹೋಗುತ್ತದೆಯೇ? ಪಕ್ಕದ ಮನೆಯವರು ಒಪ್ಪುತ್ತಾರೆಯೇ? ಅತಿ ಗಟ್ಟಿ ಕಾನೂನು ನಗರದ ನಡುವಿನ ಕಟ್ಟಡಕ್ಕೆ ಬಳಕೆಗೆ ಬಾರದಂತಾಗುವುದು ಹೀಗೆ. ಉಪಕಾರ ಮಾಡಲು ಹೋಗಿ ಅಕ್ಕಪಕ್ಕದವರನ್ನೆಲ್ಲ ಆ ಕಟ್ಟಡದ ವಿರೋಧಿಗಳನ್ನಾಗಿ ಮಾಡುತ್ತದೆ.

ಯಾರು ಏನು ಹೇಳುತ್ತಾರೆ

ಪರಂಪರೆಯ ಪರ ಇರುವವರ ವಾದ: ಕಾನೂನಿನ ಭಯ ಇಲ್ಲದಿದ್ದರೆ ಈ ಊರಲ್ಲಿ ಏನೂ ಉಳಿಯುವುದಿಲ್ಲ. ಈ ಮಾತನ್ನು ಸುಮ್ನೆ ತಳ್ಳಿಹಾಕಲಾಗದು. ಹಂಪನಕಟ್ಟೆಯಲ್ಲಿ ಇದ್ದ ಕ್ಲಾಕ್ ಟವರ್ ಅನ್ನು 1990ರ ದಶಕದಲ್ಲಿ ಕೆಡವಿ, ಮುಂದೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಮತ್ತೆ ಹೊಸ ಕ್ಲಾಕ್ ಟವರ್ ಕಟ್ಟಿದ ಊರು ನಮ್ಮದು.

ಸಂಸ್ಥೆಗಳನ್ನು ನಡೆಸುವವರ ವಾದ: ಕಟ್ಟಡ ನಮ್ಮದು, 140 ವರ್ಷ ನಾವೇ ಉಳಿಸಿಕೊಂಡು ಬಂದಿದ್ದೇವೆ, ಪ್ರತಿ ಹಂಚು ಬದಲಿಸಲು ದೂರದ ಕಚೇರಿಯ ಅನುಮತಿಗೆ ಕಾಯಬೇಕಾದರೆ ಒಂದು ಮಳೆಗಾಲ ಅದರಲ್ಲೇ ಕಳೆದುಹೋಗುತ್ತದೆ. ಚಾಪೆಲ್ ಮಟ್ಟಿಗೆ ಇದು ಒಪ್ಪುವ ಮಾತೇ. ಆದರೆ ಈ ವಾದ ನಿಂತಿರುವುದು ಒಳ್ಳೆಯ ಯಜಮಾನ, ತುಂಬಿದ ಕೈ ಎರಡೂ ಇವೆ ಎಂಬ ನಂಬಿಕೆಯ ಮೇಲೆ. ಹಂಪನಕಟ್ಟೆಯಲ್ಲಿ ಎರಡನೆಯದ್ದೇ ಕಷ್ಟದಲ್ಲಿದೆ.

ಮೂರನೇ ವಾದವನ್ನು ಯಾರೂ ವೇದಿಕೆ ಮೇಲೆ ಹೇಳುವುದಿಲ್ಲ, ಖಾಸಗಿಯಾಗಿ ಎಲ್ಲರೂ ಹೇಳುತ್ತಾರೆ. ಮಕ್ಕಳಿಗೆ ಬೇಕಾದದ್ದು ಸೋರದ ತರಗತಿ, ಲ್ಯಾಬು, ಶೌಚಾಲಯ, ಲಿಫ್ಟು. ಹಳೇ ಮಾಡಿನ ಕೆಳಗೆ ಪಾಠ ಕೇಳಿ ಯಾರಿಗೂ ಕೆಲಸ ಸಿಗುವುದಿಲ್ಲ. ಸಣ್ಣ ಊರಿನಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಇದರಲ್ಲಿ ನ್ಯಾಯ ಇದೆ. ಪರಂಪರೆಯ ಚರ್ಚೆ ಮಾಡುವವರು ಈ ಪ್ರಶ್ನೆಗೆ ನೇರ ಉತ್ತರ ಕೊಡದೆ ಮುಂದೆ ಹೋಗಬಾರದು. ಉತ್ತರ ಇಲ್ಲದೆಯೂ ಇಲ್ಲ: ಎತ್ತರದ ಮುಚ್ಚಿಗೆ, ದಪ್ಪ ಗೋಡೆಯ ಹಳೇ ಕೋಣೆಗಳನ್ನು ಗ್ರಂಥಾಲಯ, ಸಭಾಂಗಣ, ಕಚೇರಿಗೆ ಬಳಸಿಕೊಂಡು, ಲ್ಯಾಬಿನಂಥ ಭಾರದ ಕೆಲಸವನ್ನು ಹಿಂದಿನ ಹೊಸ ಕಟ್ಟಡಕ್ಕೆ ಕೊಡಬಹುದು. ಆದರೆ ಅದಕ್ಕೂ ಹೊಸ ಕಟ್ಟಡದ ದುಡ್ಡು ಬೇಕು.

ಮೈಸೂರು ಕಲಿಸಿದ್ದು

ಪಟ್ಟಿ ಮಾಡಿದರೆ ಸಾಕು ಎನ್ನುವವರು ಮೈಸೂರನ್ನು ನೋಡಬೇಕು. ಅಲ್ಲಿ ಪಟ್ಟಿ ಇದೆ, ಸಮಿತಿ ಇದೆ, ಊರಿನವರಿಗೆ ಅಭಿಮಾನವೂ ಇದೆ. ಆದರೂ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ, ದಿನಗಟ್ಟಲೆ ಸುರಿದ ಮಳೆಯ ಸಮಯದಲ್ಲಿ, ನೂರು ವರ್ಷ ದಾಟಿದ ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡದ ಒಂದು ಭಾಗ ಕುಸಿಯಿತು.

ಕುಸಿದ ಮೇಲೆ ಏನಾಗುತ್ತದೆ ಎಂಬುದೂ ಅಲ್ಲೇ ಕಾಣಿಸಿತು. ಒಂದು ಭಾಗ ಬಿದ್ದ ಕೂಡಲೇ ಇಡೀ ಕಟ್ಟಡ ಅಪಾಯಕಾರಿ ಎಂಬ ವರದಿ ಬರುತ್ತದೆ. ಉಳಿಸಬಹುದು ಎನ್ನುವ ತಜ್ಞರು, ಕೆಡವಬೇಕು ಎನ್ನುವ ತಜ್ಞರು ಇಬ್ಬರೂ ಸಿಗುತ್ತಾರೆ. ವಿವಾದ ಕೋರ್ಟಿಗೆ ಹೋಗುತ್ತದೆ. ವರ್ಷಗಟ್ಟಲೆ ಬೀಗ ಹಾಕಿದ ಕಟ್ಟಡಕ್ಕೆ ಸಣ್ಣ ರಿಪೇರಿಯೂ ನಿಂತು, ಇನ್ನಷ್ಟು ಬೀಳುತ್ತದೆ. ಕೊನೆಗೆ ಕೆಡವುವುದೇ ಸರಿ ಎಂಬಂತಾಗುತ್ತದೆ. ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ವಿಷಯದಲ್ಲಿ 2023ರಲ್ಲಿ ಹೈಕೋರ್ಟ್ ಕೆಡವುವ ನಿರ್ಧಾರವನ್ನು ಎತ್ತಿಹಿಡಿಯಿತು. ಪಟ್ಟಿ ಕೆಡವುವವರ ಕೈ ಹಿಡಿಯಬಲ್ಲದು. ಮಳೆಯ ಕೈ ಹಿಡಿಯಲಾರದು.

ಮುಂದೇನಾಗಬಹುದು

ಚಾಪೆಲ್‌ಗೆ ಕೆಡವುವ ಭಯ ಇಲ್ಲ. ಸಂಸ್ಥೆಯ ಹೆಮ್ಮೆಯೇ ಅದು. ಅಪಾಯ ಬರುವುದಾದರೆ ಸುತ್ತಲಿನ ಕೆಲಸದಿಂದ. ಗುಡ್ಡದ ಮೇಲೆ ಜಾಗ ಕಡಿಮೆ. ವಿವಿಯಾದ ಮೇಲೆ ಕಟ್ಟುವ ಒತ್ತಡ ಏರುತ್ತದೆ. ಹತ್ತಿರದಲ್ಲಿ ಆಳ ಅಗೆದರೆ ಮಳೆನೀರು ಹರಿಯುವ ದಾರಿ ಬದಲಾಗುತ್ತದೆ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿದರೆ ನೆಲ ಕುಡಿಯಬೇಕಾದ ನೀರು ಗೋಡೆಯ ಬುಡಕ್ಕೆ ಬರುತ್ತದೆ. ಹಾಗಾಗಿ ಹೊಸ ಕಟ್ಟಡದ ನಕ್ಷೆ ಮಾಡುವಾಗಲೇ ಚಿತ್ರ ಸಂರಕ್ಷಣೆಯ ತಜ್ಞರನ್ನೂ ಕೂರಿಸಿಕೊಳ್ಳುವುದು ಅಲೋಶಿಯಸ್‌ಗೆ ಸುಲಭದ, ಅಗ್ಗದ ದಾರಿ.

ಹಂಪನಕಟ್ಟೆಯದ್ದು ಅಷ್ಟು ಸುಲಭ ಅಲ್ಲ. ಊರಿನ ಬೆಲೆಬಾಳುವ ಜಾಗಗಳಲ್ಲಿ ಅದೂ ಒಂದು. ದುಡ್ಡಿಲ್ಲದ ಸಂಸ್ಥೆಯ ಕೈಯಲ್ಲಿ ಬೆಲೆಬಾಳುವ ಜಾಗ ಇದ್ದರೆ ಅದರ ಮೇಲೆ ಕಣ್ಣು ಬೀಳದೆ ಇರುವುದಿಲ್ಲ. ವಾಣಿಜ್ಯ ಸಂಕೀರ್ಣ, ಪಾರ್ಕಿಂಗ್, ಖಾಸಗಿ ಸಹಭಾಗಿತ್ವ, ಇಂಥ ಮಾತು ಯಾವತ್ತಾದರೂ ಏಳಬಹುದು. ಅಷ್ಟರೊಳಗೆ ಕಟ್ಟಡದ ಸ್ಥಿತಿಯ ಬಗ್ಗೆ ಒಂದು ಸರಿಯಾದ ದಾಖಲೆ ಇದ್ದರೆ, ಯಾವ ಭಾಗ 19ನೇ ಶತಮಾನದ್ದು, ಯಾವುದು ಆಮೇಲಿನ ಜೋಡಣೆ, ಎಲ್ಲಿ ಗೋಡೆ ಬಿರಿದಿದೆ ಎಂಬುದು ಕಾಗದದಲ್ಲಿದ್ದರೆ, ಚರ್ಚೆ ಅದರ ಮೇಲೆ ನಡೆಯಬಹುದು. ಇಲ್ಲದಿದ್ದರೆ ಮೈಸೂರಿನಲ್ಲಿ ಆದಂತೆ ಬಿದ್ದ ಮೇಲೆ ವರದಿ.

ದುಡ್ಡಿಗೆ ದಾರಿಗಳಿವೆ. ಹಳೇ ವಿದ್ಯಾರ್ಥಿಗಳು ಈ ಕಾಲೇಜಿಗೆ ದೇಶವಿಡೀ ಇದ್ದಾರೆ. ನಗರ ಯೋಜನೆಯಲ್ಲಿ ಪಾರಂಪರಿಕ ಕಟ್ಟಡ ಉಳಿಸಿಕೊಂಡವರಿಗೆ ಆ ಜಾಗದ ಕಟ್ಟುವ ಹಕ್ಕನ್ನು ಬೇರೆಡೆ ಮಾರಲು ಬಿಡುವ ಟಿಡಿಆರ್ ಪದ್ಧತಿಯನ್ನು ಇದಕ್ಕೂ ತರಬಹುದು, ರಸ್ತೆ ಅಗಲ ಮಾಡುವಾಗ ಜಾಗ ಬಿಟ್ಟವರಿಗೆ ಕೊಡುವ ಹಾಗೆ. ಸರ್ಕಾರವೂ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿದೆ: 1993ರಲ್ಲಿ ಕಾಲೇಜು ವಹಿಸಿಕೊಟ್ಟಾಗ ವಿವಿಗೆ ಇದ್ದ ಆದಾಯದ ಮೂಲಗಳನ್ನು ಆಮೇಲೆ ಒಂದೊಂದಾಗಿ ಬೇರೆಡೆ ಕೊಟ್ಟದ್ದು ಸರ್ಕಾರಗಳೇ ಅಲ್ವಾ? ಹಾಗಾದರೆ ಆ ಕಟ್ಟಡದ ಮಟ್ಟಿಗಾದರೂ ರಿಪೇರಿಯ ಹೊಣೆಯನ್ನು ಲೋಕೋಪಯೋಗಿ ಇಲಾಖೆಗೆ ಮರಳಿಸಲು ಅಡ್ಡಿ ಏನು?

ಅದೆಲ್ಲ ಆಗುವ ತನಕ ಮಂಗಳೂರು ವಿವಿಯ ವಾರ್ಷಿಕ ಬಜೆಟ್ ಬಂದಾಗ ಸಿಂಡಿಕೇಟ್ ಸದಸ್ಯರು, ಹಳೇ ವಿದ್ಯಾರ್ಥಿಗಳು, ಪತ್ರಕರ್ತರು ಒಂದು ಸಾಲನ್ನು ಹುಡುಕಬಹುದು. ಘಟಕ ಕಾಲೇಜಿನ ಹಳೇ ಕಟ್ಟಡಕ್ಕೆ ಪ್ರತ್ಯೇಕ ರಿಪೇರಿ ಬಾಬ್ತು ಇದೆಯೇ, ಇದ್ದರೆ ಅದು ಮೇ ತಿಂಗಳೊಳಗೆ ಖರ್ಚಾಗುತ್ತದೆಯೇ, ಅಥವಾ ಮಾರ್ಚ್ ಕೊನೆಗೆ ವಾಪಸ್ ಹೋಗುತ್ತದೆಯೇ ಎಂದು ನೋಡಿದರೆ, ಆ ಮಾಡಿನ ಕೆಳಗೆ ಮುಂದಿನ ಮಳೆಗಾಲಕ್ಕೆ ಎಷ್ಟು ಬಕೆಟ್ ಇಡಬೇಕಾಗುತ್ತದೆ ಎಂದು ಈಗಲೇ ಹೇಳಬಹುದು.